ಮೊದಲ ಮನೆಯ ಕಾಲನಿರ್ಣಯ

ಎರಡು ತಲೆಮಾರುಗಳ ಹಿಂದೆ ಬೆಂಗಳೂರಿನ ಮಧ್ಯಮವರ್ಗದ ಗೃಹಸ್ಥನಿಗೆ ಸ್ವಂತ ಮನೆಯೆಂಬುದು ಉದ್ಯೋಗಜೀವನದ ಉತ್ತರಾರ್ಧದಲ್ಲಿ ಕೈಗೂಡುವ ಫಲವಾಗಿತ್ತು. 1945ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಮಂಡಳಿಯಿಂದಲೋ (ಸಿ.ಐ.ಟಿ.ಬಿ.), 1976ರಲ್ಲಿ ಅದರ ಸ್ಥಾನಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದಲೋ (ಬಿ.ಡಿ.ಎ.), ಗೃಹನಿರ್ಮಾಣ ಸಹಕಾರ ಸಂಘದಿಂದಲೋ ನಿವೇಶನವೊಂದನ್ನು ಪಡೆದು, ಅದನ್ನು ವರ್ಷಗಟ್ಟಲೆ ಬಯಲಾಗಿಯೇ ಬಿಟ್ಟಿದ್ದು, ಭವಿಷ್ಯನಿಧಿಯ ಹಣವೂ ಕಚೇರಿಯಿಂದ ಮಂಜೂರಾದ ಸಾಲವೂ ಕೂಡಿಬಂದ ಮೇಲೆಯೇ ಅವನು ಪಾಯ ತೋಡಿಸುತ್ತಿದ್ದನು. ಇಂದು ಆ ಕ್ರಮ ಸಂಪೂರ್ಣವಾಗಿ ತಿರುಗಿಹೋಗಿದೆ. ಮೂವತ್ತರ ಆಸುಪಾಸಿನ ದಂಪತಿಗಳು, ದುಡಿಮೆಯ ಹಾದಿ ಇನ್ನೂ ಸ್ಥಿರವಾಗುವ ಮೊದಲೇ, ಮುಂದಿನ ಇಪ್ಪತ್ತು ವರ್ಷಗಳ ಸಂಪಾದನೆಯನ್ನು ಅಡವಿಟ್ಟು ಮನೆಯನ್ನು ಕೊಳ್ಳುತ್ತಾರೆ. ಹಿಂದಿನವರು ದುಡಿದು ಕಟ್ಟಿದರು, ಇಂದಿನವರು ಕೊಂಡು ದುಡಿಯುತ್ತಾರೆ. ಈ ಪಲ್ಲಟದಿಂದಾಗಿಯೇ, ಈಗಲೇ ಕೊಳ್ಳುವುದೋ ಇನ್ನಷ್ಟು ಕಾಲ ಕೂಡಿಡುವುದೋ ಎಂಬ ಪ್ರಶ್ನೆ ಹಿಂದೆಂದೂ ಇಲ್ಲದಷ್ಟು ಗುರುತರವಾಗಿ ಪರಿಣಮಿಸಿದೆ.

ಅವಸರಪಡಿಸುವವರ ವಾದ ಎಲ್ಲರಿಗೂ ಪರಿಚಿತವಾದುದೇ. ಬಾಡಿಗೆಯೆಂದು ಕೊಟ್ಟ ಹಣ ಹೊಳೆಯಲ್ಲಿ ಹುಣಿಸೆಹಣ್ಣು ತೇಯ್ದಂತೆ, ಅದನ್ನೇ ಕಂತಾಗಿ ಕಟ್ಟಿದರೆ ಮನೆ ನಿಮ್ಮದಾಗುತ್ತದೆ ಎಂದು ಬಂಧುಗಳೂ ಹೇಳುತ್ತಾರೆ, ದಳ್ಳಾಳಿಗಳೂ ಹೇಳುತ್ತಾರೆ. ಈ ಮಾತು ಅರ್ಧಸತ್ಯವಾದುದು. ಬಾಡಿಗೆ ಮರಳಿ ಬಾರದ ವೆಚ್ಚವೆಂಬುದು ನಿಜವಾದರೂ, ಸಾಲದ ಬಡ್ಡಿಯೂ ಅಷ್ಟೇ ಮರಳಿ ಬಾರದ ವೆಚ್ಚವೆಂಬುದನ್ನು ಈ ವಾದವು ಮುಚ್ಚಿಡುತ್ತದೆ. ಆದಕಾರಣ ಅಂಕಿಗಳನ್ನು ಮುಂದಿಟ್ಟುಕೊಂಡೇ ಇದನ್ನು ಪರೀಕ್ಷಿಸುವುದು ಯುಕ್ತ.

80 ಲಕ್ಷ ರೂಪಾಯಿ ಬೆಲೆಯ, ವಾಸಕ್ಕೆ ಸಿದ್ಧವಾಗಿರುವ, ಎರಡು ಮಲಗುವ ಕೋಣೆಗಳ ಫ್ಲ್ಯಾಟೊಂದನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ; ಅಂಥದೇ ಮನೆಗೆ ತಿಂಗಳಿಗೆ 25 ಸಾವಿರ ಬಾಡಿಗೆಯೆಂದಿರಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲವು ಮನೆಯ ಬೆಲೆಯ ಶೇ 80ನ್ನು ಮೀರುವಂತಿಲ್ಲ. ಮುದ್ರಾಂಕ ಹಾಗೂ ನೋಂದಣಿ ವೆಚ್ಚಗಳನ್ನು ಆ ಬೆಲೆಯಲ್ಲಿ ಸೇರಿಸುವಂತೆಯೂ ಇಲ್ಲ. ಕೊಳ್ಳುವವರು 20 ಲಕ್ಷವನ್ನು ಕೈಯಿಂದ ಹಾಕಿ 60 ಲಕ್ಷ ಸಾಲ ಮಾಡಿದರೆಂದುಕೊಂಡರೆ, ಅದಲ್ಲದೆ ಬೆಲೆಯ ಮೇಲೆ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ, 2025ರ ಆಗಸ್ಟ್ ಅಂತ್ಯದಿಂದ ಶೇ 1ರಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ, ಇವೆಲ್ಲ ಕೂಡಿ ನಗರದಲ್ಲಿ ಶೇ 7.6, ಅಂದರೆ ಆರು ಲಕ್ಷಕ್ಕೂ ತುಸು ಮಿಗಿಲಾಗುತ್ತದೆ. ಕಪಾಟು, ಅಡುಗೆಮನೆಯ ಕೆಲಸ, ನಿವಾಸಿಗಳ ಸಂಘಕ್ಕೆ ಕಟ್ಟುವ ಠೇವಣಿಗಳೆಂದು ಇನ್ನೂ ಮೂರು ನಾಲ್ಕು ಲಕ್ಷ ಸೇರಿಸಿದರೆ, ಇಪ್ಪತ್ತು ಲಕ್ಷ ಕೈಯಲ್ಲಿದೆಯೆಂದು ಹೊರಟವರಿಗೆ ವಸ್ತುತಃ ಬೇಕಾಗುವುದು ಮೂವತ್ತು ಲಕ್ಷ.

ಇನ್ನು ತಿಂಗಳ ಲೆಕ್ಕ. ಶೇ 8ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ 60 ಲಕ್ಷದ ಕಂತು ಸುಮಾರು 50,200 ರೂಪಾಯಿ. ಮೊದಲ ತಿಂಗಳ ಸಾಲದ ಪಟ್ಟಿಯನ್ನು ತೆರೆದು ನೋಡಿದರೆ, ಅದರಲ್ಲಿ 40 ಸಾವಿರ ಬಡ್ಡಿಗೇ ಜಮೆಯಾಗಿ, ಅಸಲಿಗೆ ಸಲ್ಲುವುದು ಹತ್ತು ಸಾವಿರ ಮಾತ್ರವೆಂಬುದು ಕಾಣುತ್ತದೆ. ಬೆಲೆಗೂ ನೋಂದಣಿಗೂ ಕೈಯಿಂದ ಹಾಕಿದ 26 ಲಕ್ಷವು ಶೇ 6.5ರ ಠೇವಣಿಯಲ್ಲಿದ್ದಿದ್ದರೆ ತಿಂಗಳಿಗೆ ತರುತ್ತಿದ್ದ 14 ಸಾವಿರವನ್ನೂ, ನಿರ್ವಹಣೆ ಹಾಗೂ ಆಸ್ತಿತೆರಿಗೆಯ ಮೂರೂವರೆ ಸಾವಿರವನ್ನೂ ಕೂಡಿಸಿದರೆ, ಒಡೆತನದ ನಿಜವಾದ ವೆಚ್ಚ ಆರಂಭದ ವರ್ಷಗಳಲ್ಲಿ ತಿಂಗಳಿಗೆ 57 ಸಾವಿರ ಮೀರುತ್ತದೆ. ಅದರಲ್ಲಿ ಬಾಡಿಗೆಯ 25 ಸಾವಿರವನ್ನು ಕಳೆದು ಉಳಿಯುವ ಅಂತರ ವರ್ಷಕ್ಕೆ ಹೆಚ್ಚುಕಡಮೆ ನಾಲ್ಕು ಲಕ್ಷ, ಅಂದರೆ ಮನೆಯ ಬೆಲೆಯ ಶೇ 5. ಮನೆಯ ಬೆಲೆ ವರ್ಷಕ್ಕೆ ಶೇ 5ರಷ್ಟಾದರೂ ಏರುತ್ತಿದ್ದರೆ ಮಾತ್ರ ಕೊಂಡವನೂ ಬಾಡಿಗೆದಾರನೂ ಸಮಸಮ ನಿಲ್ಲುತ್ತಾರೆ. ಗೃಹಸಾಲದಿಂದ ತೆರಿಗೆ ಉಳಿಯುವುದಲ್ಲವೇ ಎಂದು ಕೇಳುವವರುಂಟು; ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ ಎರಡು ಲಕ್ಷದವರೆಗಿನ ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದವರಿಗಷ್ಟೇ ಉಳಿದಿದ್ದು, ಹೊಸ ಪದ್ಧತಿಯಲ್ಲಿರುವವರಿಗೆ ಅದು ದೊರೆಯುವುದಿಲ್ಲ.

ಕಾಲ ಕಳೆದಂತೆ ಈ ಅಂತರ ಕೊಂಡವನ ಪಕ್ಷಕ್ಕೆ ವಾಲುತ್ತದೆಂಬುದನ್ನು ಮರೆಯಬಾರದು: ಅಸಲು ಕರಗಿ ಬಡ್ಡಿ ಇಳಿಯುತ್ತದೆ, ಬಾಡಿಗೆಯಾದರೋ ಏರುತ್ತಲೇ ಹೋಗುತ್ತದೆ. ಅಂತೆಯೇ ಪ್ರವೇಶವೆಚ್ಚದ ಆ ಶೇ 7.6, ಮೂರೇ ವರ್ಷಕ್ಕೆ ಮನೆ ಮಾರಿ ಊರು ಬಿಡುವವನ ಮೇಲೆ ವರ್ಷಕ್ಕೆ ಶೇ 2.5ರ ಹೊರೆಯಾಗಿ ಬೀಳುವುದಾದರೆ, ಹತ್ತು ವರ್ಷ ನೆಲೆನಿಲ್ಲುವವನಿಗೆ ಶೇ 1ಕ್ಕಿಂತ ಕಡಮೆಯಾಗಿ ಹಗುರಾಗುತ್ತದೆ. ಆದ್ದರಿಂದ ಮಾರುಕಟ್ಟೆ ಏರುತ್ತದೋ ಇಳಿಯುತ್ತದೋ ಎಂಬ, ಯಾರೂ ಖಚಿತವಾಗಿ ಉತ್ತರಿಸಲಾರದ ಪ್ರಶ್ನೆಗಿಂತ, ಈ ಮನೆಯಲ್ಲಿ, ಈ ಭಾಗದಲ್ಲಿ, ಈ ಶಾಲೆ ಕಚೇರಿಗಳ ನಡುವೆ ನಾವು ಏಳೆಂಟು ವರ್ಷವಾದರೂ ಇರುವೆವೋ ಎಂಬ, ನಾವೇ ಉತ್ತರಿಸಬಲ್ಲ ಪ್ರಶ್ನೆಯೇ ಇಲ್ಲಿ ನಿರ್ಣಾಯಕವಾದುದು. ವರ್ಗಾವಣೆ, ವಿದೇಶಯಾನ, ಉದ್ಯೋಗ ಬದಲಾವಣೆಗಳು ಕಣ್ಣೆದುರಿಗಿರುವವರಿಗೆ ಬಾಡಿಗೆ ಮನೆಯೇ ಶ್ರೇಯಸ್ಕರ.

ಕಾಯುವುದಕ್ಕೂ ಬೆಲೆಯುಂಟು, ಅದನ್ನೂ ನಿಷ್ಪಕ್ಷಪಾತವಾಗಿ ತೂಗಬೇಕು. ತಿಂಗಳಿಗೆ 40 ಸಾವಿರ ಉಳಿಸುವವನ ವಾರ್ಷಿಕ ಉಳಿತಾಯ 4.8 ಲಕ್ಷ, ಬೆಲೆ ಶೇ 6ರಂತೆ ಏರಿದರೆ ಅದೇ ಫ್ಲ್ಯಾಟು ವರ್ಷದಲ್ಲಿ ದುಬಾರಿಯಾಗುವುದೂ ಸರಿಯಾಗಿ 4.8 ಲಕ್ಷವೇ. ಕಾದರೆ ಸಾಲದ ಮೊತ್ತ ಬಹಳವಾಗಿ ತಗ್ಗುವುದೆಂಬ ಆಸೆ ಇಂಥ ವರ್ಷಗಳಲ್ಲಿ ಭ್ರಮೆಯೇ ಸರಿ. ಆದರೆ ಬೇಕಾಗುವ ಕೈಹಣದ ಮೇಲೆ, ಅಂದರೆ ಬೆಲೆಯ ಐದನೆಯ ಒಂದಂಶ ಮತ್ತು ನೋಂದಣಿಯ ವೆಚ್ಚದ ಮೇಲೆ, ಆ ಏರಿಕೆ ಹೊರಿಸುವುದು ವರ್ಷಕ್ಕೆ ಒಂದೂಕಾಲು ಲಕ್ಷಕ್ಕೆ ತುಸು ಹೆಚ್ಚು ಮಾತ್ರವಾಗಿರುವುದರಿಂದ, ಉಳಿಸುವವನು ಆ ಹೊರೆಯನ್ನು ಹೊತ್ತೂ ಮುಂದೆ ಸಾಗಬಲ್ಲನು. ಹಾಗಾಗಿ ಕಾಯುವುದರ ಪ್ರಯೋಜನ ಮನೆ ಅಗ್ಗವಾಗುವುದರಲ್ಲಿಲ್ಲ, ಕೊಳ್ಳುವವನು ಗಟ್ಟಿಯಾಗುವುದರಲ್ಲಿದೆ.

ಆ ಗಟ್ಟಿತನ ಏಕೆ ಬೇಕೆಂಬುದನ್ನು ಈಚಿನ ವರ್ಷಗಳ ಬಡ್ಡಿಯ ಇತಿಹಾಸವೇ ಹೇಳುತ್ತದೆ. 2022ರ ಮೇ ತಿಂಗಳ ಆರಂಭದಲ್ಲಿ ಶೇ 4ರಷ್ಟಿದ್ದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, 2023ರ ಫೆಬ್ರವರಿಗೆ ಶೇ 6.5ಕ್ಕೇರಿತು, 2025ರಲ್ಲಿ ಹಂತಹಂತವಾಗಿ ಶೇ 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್ ನಂತರ ಬ್ಯಾಂಕುಗಳು ಬದಲಾಗುವ ಬಡ್ಡಿಯಲ್ಲಿ ಕೊಡುವ ಹೊಸ ಗೃಹಸಾಲಗಳು ಇಂಥ ಬಾಹ್ಯ ಮಾನದಂಡಕ್ಕೆ ಜೋಡಿಸಲ್ಪಟ್ಟಿರುವುದರಿಂದ, ಆ ಏರಿಳಿತವೆಲ್ಲ ಸಾಲಗಾರನ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ನಮ್ಮ ದೃಷ್ಟಾಂತದ 60 ಲಕ್ಷಕ್ಕೆ ಶೇ 8ರ ಬಡ್ಡಿ ಶೇ 10.5 ಆಯಿತೆಂದರೆ ತಿಂಗಳ ಬಡ್ಡಿಯೇ 52,500. ಹಳೆಯ ಕಂತು ಆ ಬಡ್ಡಿಗೂ ಸಾಲದು, ಅಸಲು ಕರಗುವ ಬದಲು ಬೆಳೆಯತೊಡಗುತ್ತದೆ. ಇಂದು ಬಡ್ಡಿ ಇಳಿದಿದೆಯೆಂಬ ಒಂದೇ ಕಾರಣದಿಂದ ಕೊಳ್ಳಹೊರಟವರು, ಅದು ಎರಡೂವರೆ ಅಂಶ ಏರಿದಾಗಲೂ ತಮ್ಮ ಸಂಸಾರ ನಡೆದೀತೆ ಎಂದು ಲೆಕ್ಕ ಹಾಕಿಕೊಳ್ಳತಕ್ಕದ್ದು. ಮುಂಗಡ ತೆತ್ತು ನೋಂದಣಿ ಮುಗಿದ ಮೇಲೆಯೂ ಆರು ತಿಂಗಳ ಸಂಸಾರವೆಚ್ಚವೂ ಕಂತೂ ಕೈಯಲ್ಲುಳಿದಿರಬೇಕು. ದಂಪತಿಗಳಿಬ್ಬರ ಸಂಬಳವನ್ನು ನೆಚ್ಚಿ ತೆಗೆದ ಸಾಲವಾದರೆ, ಹೆರಿಗೆಯೋ ಕಾಯಿಲೆಯೋ ಉದ್ಯೋಗನಷ್ಟವೋ ಒದಗಿ ಒಂದೇ ಸಂಬಳವುಳಿದರೂ ಕೆಲಕಾಲ ಕಂತು ತಪ್ಪದಂತಿರಬೇಕು. ಕೊನೆಯ ಬಿಡಿಗಾಸನ್ನೂ ಮನೆಗೆ ಸುರಿದವನು ಮನೆಯ ಒಡೆಯನಾಗುವುದಿಲ್ಲ, ಅದರ ಒತ್ತೆಯಾಳಾಗುತ್ತಾನೆ.

ಹಣ ಸಿದ್ಧವಿದ್ದರೂ ಪತ್ರ ಶುದ್ಧವಿಲ್ಲದಿದ್ದರೆ ಕೊಳ್ಳುವ ಕಾಲ ಬಂದಿಲ್ಲವೆಂದೇ ತಿಳಿಯಬೇಕು. ಬೆಂಗಳೂರಿನ ಹೊರವಲಯದಲ್ಲಿ ಕೈಗೆಟುಕುವ ಬೆಲೆಗೆ ದೊರಕುವ ಎಷ್ಟೋ ಮನೆಗಳು ಭೂಪರಿವರ್ತನೆಯಾಗದ ಕಂದಾಯ ನಿವೇಶನಗಳ ಮೇಲೆ ಎದ್ದವು. ಅವುಗಳಿಗಿರುವ ಬಿ-ಖಾತೆ ತೆರಿಗೆ ವಸೂಲಿಗಾಗಿ ಇಟ್ಟ ವಹಿಯೇ ಹೊರತು ಕ್ರಮಬದ್ಧತೆಯ ಪ್ರಮಾಣವಲ್ಲ. ಋಣಭಾರ ಪತ್ರವನ್ನು, ಜನ ಇ.ಸಿ. ಎನ್ನುವುದನ್ನು, ಮೂವತ್ತು ವರ್ಷಗಳಿಗೆ ತೆಗೆಸಿ ಸಾಲುಸಾಲಾಗಿ ಓದಿದಾಗ, ಎಂದೋ ಬರೆಸಿದ ಅಡಮಾನಕ್ಕೆ ಋಣಮುಕ್ತಿಯ ದಾಖಲೆಯೇ ಇಲ್ಲದಿರುವುದು ಹಲವೊಮ್ಮೆ ಬೆಳಕಿಗೆ ಬರುತ್ತದೆ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ತಿನ ಸಂಪರ್ಕ ಕೊಡಲಾಗದೆಂದೂ, ಬ್ಯಾಂಕುಗಳು ಆ ಪತ್ರವನ್ನು ನೋಡಿಯೇ ಸಾಲ ಕೊಡಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಆದೇಶಿಸಿದ ಮೇಲಂತೂ ಉಪೇಕ್ಷೆಗೆ ಆಸ್ಪದವೇ ಇಲ್ಲ. ನಿರ್ಮಾಣ ಹಂತದ ಮನೆಯಾದರೆ 2016ರ ರೇರಾ ಕಾಯಿದೆಯ ನೋಂದಣಿಯನ್ನು ಪರಿಶೀಲಿಸಬೇಕು. ಮಾರಾಟದ ಕರಾರು ನೋಂದಾಯಿಸುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವ ಅಧಿಕಾರ ಕಟ್ಟುವವನಿಗಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಕಾಗದದಲ್ಲಿ ಕಾಣದ ಇನ್ನೊಂದು ಪರೀಕ್ಷೆಯೂ ಇದೆ: 2024ರ ಬೇಸಿಗೆಯ ನೀರಿನ ಬವಣೆಯನ್ನು ಕಂಡವರು, ಮನೆಯನ್ನು ಏಪ್ರಿಲ್ ತಿಂಗಳಿನಲ್ಲೊಮ್ಮೆ ನೋಡಿ, ಗೇಟಿನ ಮುಂದೆ ದಿನಕ್ಕೆಷ್ಟು ಟ್ಯಾಂಕರು ನಿಲ್ಲುತ್ತವೆಂದು ಕಾವಲುಗಾರನನ್ನು ಕೇಳಿಯೇ ಮುಂಗಡ ಕೊಡುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ದೀರ್ಘಕಾಲದ ವಾಸ ನಿಶ್ಚಿತವಾಗಿ, ಕೊಂಡ ಮೇಲೂ ಆಪದ್ಧನವುಳಿದು, ಪತ್ರಗಳು ನಿಷ್ಕಳಂಕವಾಗಿದ್ದರೆ, ಬೆಲೆ ಇಳಿಯಲೆಂದು ಕಾಯುವುದು ನಿರರ್ಥಕ. ಈಗಲೇ ಕೊಳ್ಳುವುದು ಸರಿ. ಅಂಥವರೂ ವರ್ಷಕ್ಕೊಂದು ಕಂತನ್ನು ಹೆಚ್ಚುವರಿಯಾಗಿ ಕಟ್ಟಿದರೆ ಇಪ್ಪತ್ತು ವರ್ಷದ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚಿತವಾಗಿ ತೀರುತ್ತದೆ; ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ವ್ಯಕ್ತಿಗಳಿಂದ ಅವಧಿಪೂರ್ವ ಪಾವತಿಯ ದಂಡ ವಸೂಲು ಮಾಡುವಂತಿಲ್ಲ. ವಾಸ, ಆಪದ್ಧನ, ಪತ್ರ, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕಾಯಬೇಕು. ಆದರೆ ಆ ಕಾಯುವಿಕೆಗೆ ಒಂದು ಮೊತ್ತವೂ ಒಂದು ಅವಧಿಯೂ ಇರಬೇಕು. ಕಟ್ಟಬೇಕಾಗಿದ್ದ ಕಂತಿಗೂ ಈಗಿನ ಬಾಡಿಗೆಗೂ ಇರುವ ಅಂತರವನ್ನು ತಿಂಗಳ ಮೊದಲನೆಯ ವಾರದಲ್ಲೇ ಬ್ಯಾಂಕಿನ ಆವರ್ತ ಠೇವಣಿಗೆ ಹಾಕಬೇಕು. ಎರಡು ಮೂರು ವರ್ಷಗಳಲ್ಲಿ ಬೇಕಾಗುವ ಆ ಹಣವನ್ನು ಷೇರುಪೇಟೆಯ ಏರಿಳಿತಕ್ಕಾಗಲಿ ಪರಿಚಯದವರ ಚೀಟಿಗಾಗಲಿ ಒಡ್ಡಬಾರದು. ಹೀಗೆ ಕಟ್ಟುತ್ತ ಹೋದವನಿಗೆ ತನ್ನ ಸಂಸಾರ ಎಷ್ಟು ದೊಡ್ಡ ಕಂತನ್ನು ತಾಳಬಲ್ಲದೆಂಬ ಅನುಭವವೂ ಉಚಿತವಾಗಿ ದೊರೆಯುತ್ತದೆ.

ಕಾಯುವವರ ದಾರಿಯನ್ನು ಸುಗಮಗೊಳಿಸುವ ಹೊಣೆ ಸರ್ಕಾರದ್ದೂ ಹೌದು. ನಮ್ಮ ಜನ ಅವಸರದಿಂದ ಸಾಲಕ್ಕಿಳಿಯುವುದಕ್ಕೆ ಲೋಭಕ್ಕಿಂತ ಮಿಗಿಲಾಗಿ ಬಾಡಿಗೆದಾರನ ಅಭದ್ರತೆಯೇ ಕಾರಣ: ಹನ್ನೊಂದು ತಿಂಗಳ ಕರಾರು, ಅದು ಮುಗಿದೊಡನೆ ಏರುವ ಬಾಡಿಗೆ, ಹತ್ತು ತಿಂಗಳವರೆಗಿನ ಮುಂಗಡ, ಅದನ್ನು ಹಿಂತಿರುಗಿಸುವಾಗ ಬಣ್ಣಕ್ಕೆಂದು ಕಡಿತ. ತಿಂಗಳಿಗೆ 3,500 ರೂಪಾಯಿಗೂ ಮೀರಿದ ಬಾಡಿಗೆಯ ನಗರದ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟ 1999ರ ಕರ್ನಾಟಕ ಬಾಡಿಗೆ ಕಾಯಿದೆ ಇಂದಿನ ಬೆಂಗಳೂರಿನಲ್ಲಿ ಯಾರಿಗೆ ಆಸರೆಯಾದೀತು? ಕೇಂದ್ರವು 2021ರಲ್ಲಿ ರೂಪಿಸಿದ ಮಾದರಿ ಕಾಯಿದೆಯು ವಾಸದ ಮನೆಗಳ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಆ ಮಿತಿಯನ್ನೂ, ಮೂರು ವರ್ಷಗಳ ನಿಶ್ಚಿತ ಕರಾರನ್ನೂ ರಾಜ್ಯವು ಶಾಸನದಿಂದ ನೆಲೆಗೊಳಿಸಿದರೆ, ಮುಂಗಡವಾಗಿ ಸಿಲುಕಿರುವ ಲಕ್ಷಾಂತರ ರೂಪಾಯಿ ಕುಟುಂಬಗಳ ಉಳಿತಾಯಕ್ಕೆ ಬಿಡುಗಡೆಯಾಗುತ್ತದೆ. ಮೊದಲ ಮನೆಯನ್ನು ಕೊಳ್ಳುವವರಿಗಾದರೂ ನೋಂದಣಿ ಶುಲ್ಕದ ಆ ಏರಿಕೆಯನ್ನು ಕೈಬಿಡುವುದು ನ್ಯಾಯ.

ಬಾಡಿಗೆ ಮನೆಯಲ್ಲಿರುವುದನ್ನು ಸೋಲೆಂದು ಭಾವಿಸುವ ಸಮಾಜದಲ್ಲಿ ಯಾವ ಲೆಕ್ಕವೂ ನಿಷ್ಪಕ್ಷಪಾತವಾಗಿ ನಡೆಯದು. ಮಗನ ಮದುವೆಯ ಮಾತುಕತೆಯಲ್ಲಿ ಸ್ವಂತ ಮನೆಯುಂಟೆ ಎಂದು ಕೇಳುವ ಹಿರಿಯರು, ಅದರೊಡನೆ ಸಾಲವೆಷ್ಟು, ಕೈಯಲ್ಲುಳಿದಿರುವುದೆಷ್ಟು ಎಂದೂ ಕೇಳುವಂತಾಗಬೇಕು. ಮೂರು ವರ್ಷ ತಡವಾಗಿ, ನಿರಾತಂಕವಾಗಿ ಮನೆ ಸೇರಿದ ಕುಟುಂಬ ಏನನ್ನೂ ಕಳೆದುಕೊಂಡಿರುವುದಿಲ್ಲ. ಮೂರು ವರ್ಷ ಮೊದಲೇ, ತನ್ನ ಶಕ್ತಿ ಮೀರಿ ಸೇರಿದ ಕುಟುಂಬ ಮುಂದಿನ ಇಪ್ಪತ್ತು ವರ್ಷಗಳ ನೆಮ್ಮದಿಯನ್ನು ಪಣಕ್ಕಿಟ್ಟಿರುತ್ತದೆ.