ನಡೆದು ಗಳಿಸಿದ ವಡೆ

ಚೆನ್ನೈಗೆ ಬಂದು ಮೂವತ್ತು ವರ್ಷದ ಮೇಲಾಯ್ತು, ಅದರಲ್ಲಿ ಇಪ್ಪತ್ತೆರಡು ವರ್ಷ ಪೆರಂಬೂರಿನಲ್ಲೇ. ಇಲ್ಲಿನ ಬಿಸಿಲು, ನೀರಿನ ಲಾರಿ, ಆಟೋದವರು ಎಲ್ಲದರ ಜೊತೆಗೂ ರಾಜಿ ಮಾಡ್ಕೊಂಡಿದೀನಿ. ಆದರೆ ಒಂದು ವಿಷಯಕ್ಕೆ ಮಾತ್ರ ಇತ್ತೀಚೆಗೆ ದಿನಾ ಬೆಳಿಗ್ಗೆ ಜಗಳ ಆಗ್ತಿದೆ. ವಾಕಿಂಗ್ ಮುಗಿಸಿ ತಿನ್ನೋ ಟಿಫಿನ್ನಿನ ವಿಷಯ!

ಫ್ಲೈಓವರ್ ಪಕ್ಕದ ಮುರಸೊಲಿ ಮಾರನ್ ಪಾರ್ಕಿನಲ್ಲಿ ನಡೆಯೋ ನಮ್ಮದೊಂದು ಗುಂಪಿದೆ. ಒಂಬತ್ತು ಜನ, ನಾವು ಕನ್ನಡದವರು ಮೂವರು. ಎಲ್ಲರೂ ಐವತ್ತು ದಾಟಿದವರು, ಎಲ್ಲರೂ ತೂಕ ಇಳಿಸಬೇಕು ಅಂತ ಹೊರಟವರು, ಆರು ಜನಕ್ಕೆ ಸಕ್ಕರೆ ಕಾಯಿಲೆ. ಎಲ್ಲರ ಕೈಯಲ್ಲೂ ಮಕ್ಕಳು ಕೊಡಿಸಿದ ಒಂದೊಂದು ಬ್ಯಾಂಡು. ಗಂಟೆ ಆದ ಕೂಡಲೇ ಎಲ್ಲರೂ ಮುಂಗೈ ತಿರುಗಿಸಿ ನೋಡ್ಕೋತಾರೆ. "ಮುನ್ನೂತ್ತಿ ಪತ್ತು ಸಾರ್!" ಅಂತ ಒಬ್ಬರು ಕೂಗ್ತಾರೆ. 310 ಕ್ಯಾಲೊರಿ ಸುಟ್ಟಿದೆ ಅಂತ ಅರ್ಥ. ಅಲ್ಲಿಂದ ಸೀದಾ ಮೆಸ್ಸಿಗೆ. ಪೊಂಗಲ್, ವಡೆ, ಕಾಫಿ. ಏನಾದರೂ ಅಂದರೆ, "ನಡೆದು ಸಂಪಾದಿಸಿದ್ದು ರಾಯರೇ, ಕದ್ದದ್ದಲ್ಲ" ಅಂತ ನಮ್ಮ ಕನ್ನಡದವರೇ ಮೊದಲು ಬಾಯಿ ಮುಚ್ಚಿಸ್ತಾರೆ.

ಸಂಪಾದನೆ ಅನ್ನೋ ಈ ಮಾತಿನ ಮೇಲೇ ನನ್ನ ತಕರಾರು. ನಾನು ಡಾಕ್ಟರಲ್ಲ, ಬಿ.ಕಾಂ. ಓದಿ ಲೆಡ್ಜರ್ ಮುಂದೆ ಆಯಸ್ಸು ಕಳೆದವನು. ಆದರೆ ಇದು ಲೆಕ್ಕದ ಪ್ರಶ್ನೆ ಅಲ್ವಾ? ಹಾಗಾಗಿ ಮಾತಾಡೋ ಹಕ್ಕು ನನಗೂ ಇದೆ.

ಆ 310ನ್ನು ಮೊದಲು ಆಡಿಟ್ ಮಾಡೋಣ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆದರೆ ಸುಮ್ಮನೆ ಕೂತಾಗಿನ ಸುಮಾರು ಮೂರೂವರೆ ಪಟ್ಟು ಶಕ್ತಿ ಖರ್ಚಾಗುತ್ತೆ. ಸುಮ್ಮನೆ ಕೂತರೆ ಕಿಲೋ ತೂಕಕ್ಕೆ ಗಂಟೆಗೆ ಹತ್ತಿರ ಹತ್ತಿರ 1 ಕ್ಯಾಲೊರಿ. ನನ್ನ ತೂಕ 75 ಕಿಲೋ. ಹಾಗಾದರೆ ಒಂದು ಗಂಟೆಗೆ 262. ಆದರೆ ಆ ಗಂಟೆ ನಾನು ಮನೆಯಲ್ಲಿ ಪೇಪರ್ ಓದ್ತಾ ಕೂತಿದ್ದರೂ 75 ಖರ್ಚಾಗ್ತಿತ್ತಲ್ಲ, ಅದು ನಡೆದದ್ದರಿಂದ ಬಂದದ್ದಲ್ಲ. ಅದನ್ನು ಕಳೆದರೆ 187. ಇನ್ನು ನಮ್ಮ ಒಂದು ಗಂಟೆಯಲ್ಲಿ ಕಾಲು ಗಂಟೆ ಕ್ರಿಕೆಟ್ ಟೀಮಿನ ಬಗ್ಗೆ ನಿಂತು ಮಾಡುವ ಚರ್ಚೆಗೇ ಹೋಗುತ್ತೆ (ಧೋನಿ ವಿಷಯ ಬಂದರೆ ಇನ್ನೂ ಹೆಚ್ಚು). ಅದನ್ನೂ ತೆಗೆದರೆ ಕೈಯಲ್ಲಿ ಉಳಿಯೋದು 140. ಬ್ಯಾಂಡು ತೋರಿಸಿದ್ದರಲ್ಲಿ ಅರ್ಧವೂ ಇಲ್ಲ!

ಬ್ಯಾಂಡಿನ ಮೇಲೆ ನನಗೇನೂ ದ್ವೇಷವಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ ಏಳು ಬಗೆಯ ಯಂತ್ರಗಳನ್ನು 60 ಜನರ ಮೇಲೆ ಪರೀಕ್ಷೆ ಮಾಡಿದರು. ಎದೆಬಡಿತದ ಲೆಕ್ಕ ಏಳರಲ್ಲಿ ಆರು ಯಂತ್ರಗಳಲ್ಲಿ ಚೆನ್ನಾಗೇ ಇತ್ತು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದರ ಸರಾಸರಿ ತಪ್ಪೇ ಶೇಕಡಾ 27, ಕೆಟ್ಟದ್ದರದು 93. ಆಮೇಲೆ ಯಂತ್ರಗಳು ಎಷ್ಟೋ ಸುಧಾರಿಸಿರಬಹುದು, ಇರಲಿ. ಆದರೆ ಶೇಕಡಾ 27ರ ವ್ಯತ್ಯಾಸ ಇಟ್ಕೊಂಡು ಸಂಜೆ ಕ್ಯಾಶ್ ಕ್ಲೋಸ್ ಮಾಡೋಕೆ ಯಾವ ಬ್ಯಾಂಕಿನಲ್ಲಿ ಬಿಡ್ತಾರೆ ಸ್ವಾಮಿ?

ಈಗ ಖರ್ಚಿನ ಕಡೆ ನೋಡಿ. ಪೊಂಗಲ್ ಮೇಲೆ ಮೆಸ್ಸಿನವರು ಪ್ರೀತಿಯಿಂದ ಸುರಿಯೋ ತುಪ್ಪ ಒಂದು ದೊಡ್ಡ ಚಮಚ ಅಂದ್ಕೊಳ್ಳಿ, 15 ಗ್ರಾಂ. ಗ್ರಾಂಗೆ 9ರಂತೆ 135. ಅಲ್ಲಿಗೆ ನಿಮ್ಮ ಒಂದು ಗಂಟೆ ನಡಿಗೆ ಚುಕ್ತಾ. ಅನ್ನ ಬೇಳೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಎಣ್ಣೆ ಕುಡಿದ ವಡೆ, ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಎಲ್ಲಾ ಓವರ್‌ಡ್ರಾಫ್ಟೇ.

ಬೆವರಿನ ಮಾತೂ ಇಲ್ಲೇ ಹೇಳಿಬಿಡ್ತೀನಿ. ಅಂಗಿ ಒದ್ದೆಯಾಗಿದೆ ನೋಡಿ, ಎಷ್ಟು ಕರಗಿದೆ ಅಂತಾರೆ. ಬೆವರಿಗೆ ಕೊಬ್ಬು ಕರಗೋ ಹಾಗಿದ್ದರೆ ಮೇ ತಿಂಗಳಲ್ಲಿ ಚೆನ್ನೈನಲ್ಲಿ ದಪ್ಪಗಿರೋರೇ ಸಿಗಬಾರದಿತ್ತು.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ, ಅದು ಕಣ್ಣಿಗೆ ಬೀಳೋದೇ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಭಾರತೀಯರಿಗೆ ದಿನಕ್ಕೆ ಎಷ್ಟು ಶಕ್ತಿ ಬೇಕು ಅಂತ 2020ರಲ್ಲಿ ಒಂದು ಪಟ್ಟಿ ಹೊರತಂದರು. 65 ಕಿಲೋ ತೂಗೋ ಗಂಡಸಿಗೆ ಕೂತು ಮಾಡೋ ಕೆಲಸವಾದರೆ 2110, ಮಧ್ಯಮ ಶ್ರಮವಾದರೆ 2710, ಭಾರೀ ಶ್ರಮವಾದರೆ 3470. 55 ಕಿಲೋ ಹೆಂಗಸಿಗೆ 1660, 2130, 2720. ಶ್ರಮದ ಬಾಬ್ತು ಆ ಸಾಲುಗಳಲ್ಲೇ ಸೇರಿಹೋಗಿದೆ ಗಮನಿಸಿ. ನಮ್ಮವರು ಏನು ಮಾಡ್ತಾರೆ ಅಂದರೆ, ದಿನಾ ನಡೀತೀನಲ್ಲ ಅಂತ ಮೊದಲ ಸಾಲಿನಿಂದ ಎರಡನೇ ಸಾಲಿಗೆ ಹಾರ್ತಾರೆ. ಅಲ್ಲಿಗೆ 600 ಜಮಾ ಆಯ್ತು. ಆಮೇಲೆ ಅದೇ ನಡಿಗೆಗೆ ಅಂತ ಬ್ಯಾಂಡಿನ 310 ಬೇರೆ ಜಮಾ ಮಾಡ್ಕೋತಾರೆ. ಒಂದೇ ಚೆಕ್ಕು, ಎರಡು ಸಲ ಕ್ರೆಡಿಟ್! ನಮ್ಮಲ್ಲಿ ಹೀಗೆ ಮಾಡಿದ ಕ್ಲರ್ಕಿಗೆ ಮೆಮೋ ಕೊಡ್ತೀವಿ.

ಮೊಬೈಲ್ ಆಪ್‌ಗಳ ಕತೆಯೂ ಇದೇ. ಅವುಗಳಲ್ಲಿ ಕೆಲವು ವ್ಯಾಯಾಮ ಬಿಟ್ಟು ಉಳಿದ ದಿನಚರಿಗೆ ಇಷ್ಟು ಅಂತ ಅಲಾಟ್‌ಮೆಂಟ್ ಕೊಟ್ಟು, ವ್ಯಾಯಾಮ ಮಾಡಿದ ದಿನ ಅದಕ್ಕೆ ಸೇರಿಸ್ತಾ ಹೋಗ್ತವೆ. ಅವುಗಳ ಪದ್ಧತಿಯಲ್ಲಿ ಅದು ಸರಿಯಾದ ಲೆಕ್ಕವೇ. ಆದರೆ ಮೊದಲ ದಿನ ನೀವು ಎಂಥವರು ಅಂತ ಕೇಳಿದಾಗ, ದಿನವಿಡೀ ಕುರ್ಚಿಯಲ್ಲಿ ಕೂರೋ ಮನುಷ್ಯ ತನ್ನನ್ನು ಚಟುವಟಿಕೆಯವನು ಅಂತ ಬರೆಸಿಕೊಂಡರೆ ಆಪ್ ಏನು ಮಾಡೀತು ಪಾಪ?

ನಮ್ಮ ಪೆರಂಬೂರಿಗೆ ಈ ಲೆಕ್ಕ ಇನ್ನೂ ಚೆನ್ನಾಗಿ ಅನ್ವಯಿಸುತ್ತೆ. ಇದು ದುಡಿಯೋರ ಊರು. ರೈಲು ಬೋಗಿ ಮಾಡೋ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ನೆಹರೂ ಉದ್ಘಾಟಿಸಿದರು. ಅದಕ್ಕೂ ಮುಂಚಿನಿಂದ ರೈಲ್ವೆ ವರ್ಕ್‌ಶಾಪುಗಳಿದ್ದವು, 1996ರಲ್ಲಿ ಮುಚ್ಚಿಹೋದ ಬಿನ್ನಿ ಕಂಪನಿಯ ಮಿಲ್ಲುಗಳಿದ್ದವು. ನಮ್ಮ ಗುಂಪಿನಲ್ಲೇ ಇಬ್ಬರ ತಂದೆಯವರು ಆ ಮಿಲ್ಲಿನಲ್ಲಿ ನಿಂತು ದುಡಿದವರು. ಅವರ ತಟ್ಟೆ ಅವರ ಕೆಲಸಕ್ಕೆ ತಕ್ಕ ತಟ್ಟೆ. ಮಕ್ಕಳಿಗೆ ತಟ್ಟೆ ಮಾತ್ರ ಪಿತ್ರಾರ್ಜಿತವಾಗಿ ಬಂತು, ಕೆಲಸ ಬರಲಿಲ್ಲ. ನಮ್ಮ ಕಡೆಯೂ ಹಾಗೇ ಅನ್ನಿ. ಹಿಟ್ಟಂ ತಿಂದು ಬೆಟ್ಟಂ ಕಿತ್ತಿಟ್ಟಂ ಅಂತಾರೆ. ನಾವು ಬೆಣಚು ಕಲ್ಲು ಎತ್ತಿಟ್ಟು ಬೆಟ್ಟದಷ್ಟು ಹಿಟ್ಟು ಕೇಳ್ತಿದೀವಿ.

"ಹಾಗಾದರೆ ನಡೆಯೋದೇ ಬೇಡ ಅನ್ನಿ" ಅಂತ ಮೆಸ್ಸಿನಲ್ಲಿ ಒಬ್ಬರು ರೇಗಿದರು. ಖಂಡಿತಾ ನಡೀಬೇಕು. ಇದೇ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಮತ್ತವರ ತಂಡ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಇಟ್ಕೊಂಡು ಸುಮಾರು ಮೂರು ವರ್ಷ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ ನೂರಕ್ಕೆ 55 ಜನರಿಗೆ ಸಕ್ಕರೆ ಬಂತು. ದಿನಾ ಅರ್ಧ ಗಂಟೆಯಾದರೂ ನಡೀರಿ, ಸಕ್ಕರೆ, ಜಿಡ್ಡು, ಮೈದಾ ಕಡಿಮೆ ಮಾಡಿ ಅಂತ ಹೇಳಿಸಿಕೊಂಡವರಲ್ಲಿ 39. ಸ್ವಾರಸ್ಯ ಏನು ಗೊತ್ತಾ, ಇವರ ತೂಕ ಹೇಳಿಕೊಳ್ಳುವಂಥಾದ್ದೇನೂ ಇಳಿದಿರಲಿಲ್ಲ! ಅಂದರೆ ನಡಿಗೆಯ ಲಾಭ ತಕ್ಕಡಿಯಲ್ಲಿ ಕಾಣದಿದ್ದರೂ ರಕ್ತದಲ್ಲಿ ಇರಬಹುದು. ಆದರೆ ಅಲ್ಲಿ ನಡೆಯೋದೂ ಇತ್ತು, ಕಡಿಮೆ ತಿನ್ನೋದೂ ಇತ್ತು. ನಡೆದದ್ದಕ್ಕೆ ಕೂಲಿಯಾಗಿ ತುಪ್ಪದ ಪೊಂಗಲ್ ಇರಲಿಲ್ಲ. ಆರು ಜನ ಸಕ್ಕರೆಯವರಿರೋ ಗುಂಪಿನಲ್ಲಿ ನಾನು ಜಗಳ ಕಾಯೋದು ಇದಕ್ಕೇ ಹೊರತು ಯಾರ ತಟ್ಟೆ ಮೇಲೂ ನನಗೆ ಕಣ್ಣಿಲ್ಲ.

ಇನ್ನು ಆ 140 ಆದರೂ ಪೂರ್ತಿ ನಮ್ಮದೇ ಅಂತ ನಂಬೋ ಹಾಗಿಲ್ಲ. ಟಾಂಜಾನಿಯಾದಲ್ಲಿ ಬೇಟೆ, ಗೆಡ್ಡೆಗೆಣಸು ನಂಬಿ ಬದುಕೋ ಹಡ್ಜಾ ಜನ ದಿನಾ ಮೈಲಿಗಟ್ಟಲೆ ನಡೀತಾರೆ. ಹರ್ಮನ್ ಪಾಂಟ್ಜರ್ ಅನ್ನೋ ವಿಜ್ಞಾನಿ ಮತ್ತು ಸಂಗಡಿಗರು ಅಳೆದು ನೋಡಿದರೆ, ದೇಹದ ಗಾತ್ರ ಸರಿದೂಗಿಸಿದ ಮೇಲೆ, ಅವರ ದಿನದ ಒಟ್ಟು ಖರ್ಚು ಪಾಶ್ಚಾತ್ಯ ಪಟ್ಟಣಿಗರಷ್ಟೇ ಇತ್ತು. 2012ರಲ್ಲಿ ಬಂದ ಈ ಫಲಿತಾಂಶದ ಮೇಲೆ ಪಂಡಿತರ ವಾದ ಇನ್ನೂ ನಡೀತಿದೆ. ಆದರೆ ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿ ಮಾಡುತ್ತೆ ಅನ್ನೋದು ನಮಗೇನು ಹೊಸದಲ್ಲ. ಬೆಳಿಗ್ಗೆ ನಡೆದು ಬಂದವರು ಮಧ್ಯಾಹ್ನ ಸೋಫಾದಿಂದ ಏಳದಿರೋದನ್ನು ಎಲ್ಲರ ಮನೆಯಲ್ಲೂ ನೋಡಿದೀವಿ.

ಇಷ್ಟೆಲ್ಲಾ ಹೇಳಿ, ನನ್ನ ಮಾತನ್ನು ತಪ್ಪು ಜಾಗಕ್ಕೆ ಯಾರೂ ಒಯ್ಯಬಾರದು. ನಮ್ಮ ಕಟ್ಟಡದಲ್ಲೇ ಒಂದು ಕನ್ನಡದ ಮನೆ ಇದೆ, ಮಗಳಿಗೆ ಇಪ್ಪತ್ತನಾಲ್ಕು ವರ್ಷ. ಮದುವೆ ಗೊತ್ತಾದ ಮೇಲೆ ಒಂದು ಜಿಮ್ಮಿಗೆ ಸೇರಿದಳು. ದಿನಕ್ಕೆ 1200 ಕ್ಯಾಲೊರಿ ಮೀರಬಾರದು, ಎರಡು ಗಂಟೆ ವ್ಯಾಯಾಮ ತಪ್ಪಬಾರದು ಅಂತ ಅಲ್ಲಿನ ತರಬೇತುದಾರ ಹೇಳಿದನಂತೆ. ಮೂರು ತಿಂಗಳಿಗೆ ಮುಟ್ಟು ನಿಂತಿತು, ಒಂದು ದಿನ ಲಿಫ್ಟಿನ ಹತ್ತಿರ ತಲೆ ಸುತ್ತಿ ಬಿದ್ದಳು. ಆ ಹುಡುಗಿಗೆ ಸುಟ್ಟಿದ್ದನ್ನು ಮತ್ತೆ ತಿನ್ನಬೇಡ ಅನ್ನೋದು ಪಾಪ. ಅವಳು ತಿನ್ನಲೇಬೇಕಿತ್ತು, ಧಾರಾಳವಾಗಿ. ಖರ್ಚಿಗೆ ತಕ್ಕಷ್ಟು ತಿನ್ನದ ಕ್ರೀಡಾಪಟುಗಳಿಗೆ ಮೂಳೆ, ಮುಟ್ಟು, ಮನಸ್ಸು ಎಲ್ಲಾ ಹದಗೆಡುತ್ತೆ ಅಂತ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಎಚ್ಚರಿಸಿದೆ. ಹಾಗೇ ಇನ್ಸುಲಿನ್ ಅಥವಾ ಸಕ್ಕರೆಯನ್ನು ಜೋರಾಗಿ ಇಳಿಸೋ ಮಾತ್ರೆ ತಗೊಳ್ಳೋರು ನನ್ನ ಲೆಕ್ಕ ನಂಬಿ ಬರೀ ಹೊಟ್ಟೆಯಲ್ಲಿ ನಡೀಬೇಡಿ. ಡಾಕ್ಟರನ್ನು ಕೇಳಿ, ಜೇಬಿನಲ್ಲಿ ಏನಾದರೂ ಸಿಹಿ ಇಟ್ಕೊಳ್ಳಿ. ಲೋಡು ಹೊರೋರು, ಓಟದ ಹುಡುಗರು ಇವರದ್ದೂ ಬೇರೆ ಖಾತೆ. ನನ್ನ ಜಗಳ ಇರೋದು ಕುರ್ಚಿ ಬಿಸಿ ಮಾಡಿ ಹೊಟ್ಟೆ ಬೆಳೆಸಿದ ನನ್ನಂಥವರ ಜೊತೆ.

"ಹಸಿವಾದರೆ?" ಅಂತ ಕೇಳ್ತೀರಿ. ಹಸಿವಾದರೆ ತಿನ್ನಿ! ಎರಡು ಇಡ್ಲಿ, ಸಾಂಬಾರು, ಒಂದು ಬೇಯಿಸಿದ ಮೊಟ್ಟೆ ಅಥವಾ ಕಡ್ಲೆ ಉಸ್ಲಿ, ಯಾರು ಬೇಡ ಅಂದರು? ನಡೆದ ದಿನವೂ ಅಷ್ಟೇ, ನಡೆಯದ ದಿನವೂ ಅಷ್ಟೇ. ಹೊಟ್ಟೆ ಕೇಳಿದ್ದಕ್ಕೆ ತಿನ್ನೋದು ಬೇರೆ, ಬ್ಯಾಂಡು ಮಂಜೂರು ಮಾಡಿತು ಅಂತ ತಿನ್ನೋದು ಬೇರೆ.

ನನ್ನ ಪದ್ಧತಿ ಇಷ್ಟೇ. ಊಟಕ್ಕೆ ಒಂದು ಅಳತೆ ಗೊತ್ತು ಮಾಡಿದೀನಿ, ಅದರಲ್ಲಿ ನಡಿಗೆಗೆ ಅಂತ ಬೇರೆ ಬಾಬ್ತಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಕಾಫಿಗೆ ಮುಂಚೆ ತಕ್ಕಡಿ ಹತ್ತಿ ಡೈರಿಯಲ್ಲಿ ಬರೀತೀನಿ. ಹತ್ತು ತಿಂಗಳಲ್ಲಿ 81 ಇದ್ದದ್ದು 75ಕ್ಕೆ ಬಂದಿದೆ. ನಾಲ್ಕು ವಾರ ಒಂದೇ ಕಡೆ ನಿಂತರೆ ರಾತ್ರಿ ಅನ್ನದಲ್ಲಿ ಒಂದು ಸೌಟು ಕಡಿಮೆ. ಅದೇ ವಾರಕ್ಕೆ ಒಂದು ಕಿಲೋ ಲೆಕ್ಕದಲ್ಲಿ ಸರಸರ ಇಳಿಯೋಕೆ ಶುರುವಾಗಿ ಕೈಕಾಲು ಸೋತ ಹಾಗೆ ಅನ್ನಿಸಿದರೆ, ಮನೆಯವಳಿಗೆ ಹೇಳಿ ಮರುದಿನದಿಂದ ಒಂದು ದೋಸೆ ಜಾಸ್ತಿ ಹಾಕಿಸ್ಕೋತೀನಿ.