ಬೋರ್ಡಿಂಗಿನ ಊಟ, ಸಾಹೇಬರ ಕುರ್ಚಿ

‘ಹುಡುಗ ಶಾಣ್ಯಾ ಇದ್ದರ ಎಲ್ಲಿ ಬೇಕಾದರೂ ಹೋಗತಾನ’ ಎಂಬ ಮಾತು ಕುಡಚಿಯಂಥ ಊರುಗಳ ಕಟ್ಟೆಗಳ ಮೇಲೆ ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅರ್ಧ. ಹೋದ ಹುಡುಗ ಎಲ್ಲಿ ಮಲಗುತ್ತಾನೆ, ಎಲ್ಲಿ ಉಣ್ಣುತ್ತಾನೆ ಎಂಬುದು ಉಳಿದರ್ಧ.

ಈ ಸೀಮೆಯದೇ ಹಳೆಯ ಲೆಕ್ಕವೊಂದಿದೆ. ಕುಡಚಿಯ ತಾಲೂಕು ಕೇಂದ್ರವಾದ ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. 1894ರಲ್ಲಿ ಶಾಹೂ ಮಹಾರಾಜರು ಅಧಿಕಾರ ವಹಿಸಿಕೊಂಡಾಗ ಸಾಮಾನ್ಯ ಆಡಳಿತದ 71 ಹುದ್ದೆಗಳ ಪೈಕಿ 60 ಬ್ರಾಹ್ಮಣರ ಕೈಯಲ್ಲಿದ್ದವು. ಉಳಿದವರ ಮಕ್ಕಳಿಗೆ ಬುದ್ಧಿ ಇರಲಿಲ್ಲವೆಂದಲ್ಲ. ಓದೇ ಮನೆತನದ ವೃತ್ತಿಯಾಗಿದ್ದವರಿಗೆ ಪಟ್ಟಣದಲ್ಲಿ ಒಬ್ಬ ನೆಂಟನಾದರೂ ಇರುತ್ತಿದ್ದ. ಹೊಲದಿಂದ ಎದ್ದು ಬಂದ ಹುಡುಗನಿಗೆ ಅಲ್ಲಿ ಕೋಣೆ ಸಿಗುವುದು ಕಷ್ಟ, ಜತೆಗೆ ಕುಳಿತು ಉಣ್ಣಲು ಪಂಕ್ತಿಯೂ ಇಲ್ಲ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ.

ಸಂಸ್ಥಾನದಲ್ಲಿ ಮುಂದೆ ಖಾಲಿಯಾಗುವ ಹುದ್ದೆಗಳಲ್ಲಿ ಶೇ. 50ನ್ನು ಹಿಂದುಳಿದವರಿಗೆ ಮೀಸಲಿಟ್ಟ 1902ರ ಜುಲೈ 26ರ ಆಜ್ಞೆಯನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬಾಯಿಪಾಠ ಮಾಡಿರುತ್ತಾರೆ. ಅದಕ್ಕೂ ಒಂದು ವರ್ಷ ಮೊದಲೇ, 1901ರಲ್ಲಿ, ಮಹಾರಾಜರು ಮರಾಠಾ ಬೋರ್ಡಿಂಗ್ ತೆರೆದಿದ್ದರೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಜೈನ, ಮುಸ್ಲಿಂ, ಲಿಂಗಾಯತ ವಿದ್ಯಾರ್ಥಿಗಳಿಗೂ ಬೋರ್ಡಿಂಗುಗಳಾದವು. 1908ರಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಬಂತು. ಜಾತಿಗೊಂದು ಬೋರ್ಡಿಂಗೇ ಎಂದು ಇಂದು ಮೂಗು ಮುರಿಯುವುದು ಸುಲಭ. ಒಂದೇ ಸಾಲಿನಲ್ಲಿ ಎಲೆ ಹಾಕಲಾಗದ ಆ ಕಾಲದಲ್ಲಿ ಹುಡುಗರನ್ನು ಶಾಲೆಯಲ್ಲಿ ಉಳಿಸಲು ಬೇರೆ ದಾರಿ ಇರಲಿಲ್ಲ. ಕುರ್ಚಿ ಮೀಸಲಿಟ್ಟರೆ ಸಾಲದು. ಅದರ ಮೇಲೆ ಕೂಡಬೇಕಾದವನು ಮೆಟ್ರಿಕ್ ಮುಗಿಸುವ ತನಕ ಎರಡು ಹೊತ್ತು ಉಣ್ಣಬೇಕಲ್ಲ!

ಪಂಕ್ತಿಭೇದ ಇಂದೂ ಪೂರ್ತಿ ಹೋಗಿಲ್ಲ. ಅದರ ಜತೆಗೆ ಭಾಷೆ ಹೊಸ ತಡೆಗೋಡೆಯಾಗಿದೆ. ನೀಟ್ 2017ರಿಂದ, ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿವೆ. ಆದರೆ ಐಐಟಿಯ ಕೊನೆಯ ಬಾಗಿಲಾದ ಜೆಇಇ ಅಡ್ವಾನ್ಸ್ಡ್ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಐಎಎಸ್ ಪರೀಕ್ಷೆಯದು ಉಲ್ಟಾ: ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಅಲ್ಲಿಗೆ ಮುಟ್ಟಿಸುವ ಪ್ರಿಲಿಮಿನರಿಯ ಪ್ರಶ್ನೆಪತ್ರಿಕೆ ಆ ಎರಡು ಭಾಷೆಗಳಲ್ಲೇ. ಇಂಥ ವಿಷಯಗಳನ್ನು ಅಧಿಕಾರಿಯ ಮನೆಯ ಮಗು ಊಟದ ಹೊತ್ತಿನಲ್ಲೇ ಕೇಳಿ ತಿಳಿಯುತ್ತದೆ. ಕಬ್ಬು ಕಡಿಯುವವರ ಮಗುವಿಗೆ ಅದು ಗೊತ್ತಾಗುವುದು ಪಿಯುಸಿ ಮುಗಿದ ಮೇಲೆ.

ಬೋರ್ಡಿಂಗಿನ ಕೆಲಸವನ್ನು ಈಗ ಮಾಡುತ್ತಿರುವವುಗಳಲ್ಲಿ ಚಿಕ್ಕೋಡಿ ಬಳಿಯ ಕೋಥಳಿಯ ಜವಾಹರ ನವೋದಯ ವಿದ್ಯಾಲಯವೂ ಒಂದು. ವಸತಿ, ಊಟ, ಪುಸ್ತಕ ಎಲ್ಲ ಉಚಿತ. ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಮಗು ಜಿಲ್ಲೆಯಲ್ಲೇ ಐದನೆಯತ್ತೆ ಓದುತ್ತಿರುವಾಗ ಅರ್ಜಿ ಹಾಕಬೇಕು, ಅದೂ ಒಂದೇ ಸಲ. ಆರನೆಯತ್ತೆಗೆ ಬಂದ ಮೇಲೆ ವಿಚಾರಿಸುವ ಪಾಲಕರು ಕಾಯಬೇಕಾಗುತ್ತದೆ: ಒಂಬತ್ತನೆಯತ್ತೆಯಲ್ಲಿ ಖಾಲಿ ಉಳಿದ ಸೀಟುಗಳಿಗಾಗಿ, ಎಂಟನೆಯತ್ತೆಯಲ್ಲಿರುವ ಮಕ್ಕಳಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ.