1926ರ ಹಡಗು, 1942ರ ಬುದ್ಧಿ

ಸ್ಪ್ರಿಂಗ್‌ಶಾರ್ಪ್ ಎಂಬ ಉಚಿತ ಸಾಫ್ಟ್‌ವೇರ್ ಒಂದಿದೆ. ಯುದ್ಧನೌಕೆಯ ಉದ್ದ, ಅಗಲ, ತೋಪುಗಳ ಸಂಖ್ಯೆ, ಉಕ್ಕಿನ ಕವಚದ ದಪ್ಪ, ವೇಗ, ಕಟ್ಟಲು ತೊಡಗಿದ ವರ್ಷ ಇವನ್ನೆಲ್ಲ ಖಾನೆಗಳಲ್ಲಿ ತುಂಬಿದರೆ ಅಂಥದೊಂದು ಹಡಗು ತೇಲೀತೇ, ಅಲೆಗೆ ಅದರ ಒಡಲು ತಾಳೀತೇ, ಎಷ್ಟು ಹಣ ಬೇಕು ಎಂದು ಅದು ಲೆಕ್ಕ ಹಾಕಿ ಹೇಳುತ್ತದೆ. ಎರಡು ಮಹಾಯುದ್ಧಗಳ ನಡುವಿನ ಕಾಲಕ್ಕೊಂದು ಭಾರೀ ಕ್ರೂಸರ್ ರೂಪಿಸುವುದು ಇದನ್ನು ಬಳಸುವವರ ಅಚ್ಚುಮೆಚ್ಚಿನ ಕಸರತ್ತು. ಯುದ್ಧದ ಆಟಿಕೆ ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವನಲ್ಲ. ನನ್ನ ತಕರಾರು ಇದನ್ನು ಇಷ್ಟಪಡುವವರ ಜೊತೆಗೇ. ಇವರು ವಿನ್ಯಾಸದ ಹೆಸರಿನಲ್ಲಿ ಸತ್ತವರ ಮೇಲೆ ತೀರ್ಪು ಕೊಡುತ್ತಿದ್ದಾರೆ.

ಮೊದಲು ಕಟ್ಟುಪಾಡೇನು ಎಂಬುದನ್ನು ನೋಡೋಣ. 1922ರ ಫೆಬ್ರವರಿ 6ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದ ಕ್ರೂಸರ್‌ಗಳಿಗೆ ಎರಡು ಗೆರೆ ಎಳೆಯಿತು. ಇಂಧನ ಮತ್ತು ಬಾಯ್ಲರಿನ ಮೀಸಲು ನೀರನ್ನು ಬಿಟ್ಟು ತೂಕ 10,000 ಟನ್ ದಾಟಬಾರದು. ತೋಪಿನ ಬಾಯಿ 8 ಅಂಗುಲ ಮೀರಬಾರದು. ಈ ಅಂಕಿಗಳೇನೂ ಆಕಾಶದಿಂದ ಇಳಿದವಲ್ಲ. ಬ್ರಿಟನ್ನಿನ ಬಳಿ ಆಗಲೇ 7.5 ಅಂಗುಲದ ತೋಪಿನ, ಹತ್ತು ಸಾವಿರ ಟನ್ನಿನ ಆಸುಪಾಸಿನ ಹಾಕಿನ್ಸ್ ವರ್ಗದ ಹಡಗುಗಳಿದ್ದವು. ಹೊಚ್ಚ ಹೊಸ ಹಡಗುಗಳನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬಂದೀತು? ಹೀಗೆ ಗರಿಷ್ಠ ಮಿತಿಯೆಂದು ಬರೆದದ್ದೇ ಎಲ್ಲ ದೇಶಗಳಿಗೂ ಕನಿಷ್ಠ ಗುರಿಯಾಗಿಬಿಟ್ಟಿತು.

ಈಗ ನೀವೇ ಕೂತು ಪ್ರಯತ್ನಿಸಿ. ಎಂಟು ತೋಪು, 32 ನಾಟ್ ವೇಗ, ಸಾಗರ ದಾಟುವಷ್ಟು ಎಣ್ಣೆ, ಪಕ್ಕದಲ್ಲಿ ಐದು ಅಂಗುಲ ಕವಚ ಎಂದು ತುಂಬಿ. ಒಡಲಿನ ದೃಢತೆಯ ಅಂಕಿ 1ಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಹಡಗು ಕಾಗದದ ಮೇಲೂ ನಿಲ್ಲಲಾರದು. ಕೊನೆಯ ಎರಡು ಮೂರು ನಾಟ್‌ಗಳೇ ಎಲ್ಲಕ್ಕಿಂತ ದುಬಾರಿ. ಎಂಜಿನ್ನಿನ ಶಕ್ತಿ ವೇಗದ ಜೊತೆ ನೇರವಾಗಿ ಏರುವುದಿಲ್ಲ, ಹೆಚ್ಚುಕಡಿಮೆ ಅದರ ಘನದಂತೆ ಏರುತ್ತದೆ. ಎರಡು ತೋಪು ಕೀಳುತ್ತೀರಿ, ಅರ್ಧ ಅಂಗುಲ ಕವಚ ಕೆರೆಯುತ್ತೀರಿ, ಅಗಲ ಒಂದಿಷ್ಟು ಹೆಚ್ಚಿಸುತ್ತೀರಿ. ಇಲ್ಲಿಯವರೆಗೆ ಈ ಆಟ ಅದ್ಭುತ. ಛಂದಸ್ಸಿನಲ್ಲಿ ಒಂದು ಮಾತ್ರೆ ಹೊಂದಿಸಲು ಒದ್ದಾಡಿದವರಿಗೆ ಇದರ ಸುಖ ವಿವರಿಸಬೇಕಿಲ್ಲ.

ಮೋಸ ಶುರುವಾಗುವುದು ಇಲ್ಲಿಂದ ಮುಂದೆ. ವರ್ಷದ ಖಾನೆಯಲ್ಲಿ 1926 ಎಂದು ಬರೆಯುವ ಕೈ, ಡೆಕ್ಕಿನ ತುಂಬ ವಿಮಾನವಿರೋಧಿ ತೋಪು ಸಾಲಿಡುತ್ತದೆ. 'ಇತರೆ ತೂಕ' ಎಂಬ ಖಾನೆಯಲ್ಲಿ ನೂರಿನ್ನೂರು ಟನ್ ಸದ್ದಿಲ್ಲದೆ ಕಾದಿರುತ್ತದೆ, ಇನ್ನೂ ಹುಟ್ಟಿರದ ರಾಡಾರಿಗೆಂದು. ಅಂಕಿ ಹೊಂದಿತೆಂದರೆ ಘೋಷಣೆ ಸಿದ್ಧ: ನೋಡಿ, ಅದೇ ಹತ್ತು ಸಾವಿರ ಟನ್ನಿನಲ್ಲಿ ಇಷ್ಟು ಸಾಧ್ಯವಿತ್ತು, ಆಗಿನವರು ದಡ್ಡರು!

ಈ ನ್ಯಾಯಾಲಯದಲ್ಲಿ ಕಾಯಂ ಆರೋಪಿಯೆಂದರೆ ಬ್ರಿಟನ್ನಿನ ಕೆಂಟ್ ವರ್ಗ. ಎತ್ತರದ ಪಕ್ಕೆ, ಮೂರು ಹೊಗೆಕೊಳವೆ, ಎಂಜಿನ್ ಕೋಣೆಯ ಪಕ್ಕದಲ್ಲಿ ಬರೀ ಒಂದು ಅಂಗುಲ ಕವಚ. ಇದು ಯುದ್ಧನೌಕೆಯೋ ಪ್ರಯಾಣಿಕರ ಹಡಗೋ ಎಂದು ನಗುತ್ತಾರೆ. ಆ ಹಡಗಿಗೆ ವಹಿಸಿದ್ದ ಕೆಲಸವೇನೆಂದು ಕೇಳುವ ತಾಳ್ಮೆ ಅವರಿಗಿಲ್ಲ. ಸಾಮ್ರಾಜ್ಯದ ವ್ಯಾಪಾರ ಮಾರ್ಗಗಳನ್ನು ಕಾಯಲು ವಾರಗಟ್ಟಲೆ ಸಾಗರದಲ್ಲಿರಬೇಕು, ಕೆಟ್ಟ ಹವೆಯಲ್ಲೂ ವೇಗ ಉಳಿಸಿಕೊಳ್ಳಬೇಕು, ಉಷ್ಣವಲಯದ ಸೆಕೆಯಲ್ಲಿ ಏಳುನೂರರಷ್ಟು ಜನ ಒಳಗೆ ಬದುಕಬೇಕು. ಎತ್ತರದ ಪಕ್ಕೆ ಬಂದದ್ದು ಅದಕ್ಕಾಗಿ. (ಆ ಸಾಮ್ರಾಜ್ಯ ಯಾರ ಬೆವರಿನ ಮೇಲೆ ನಿಂತಿತ್ತು ಎಂಬ ಪ್ರಶ್ನೆ ಬೇರೆ. ಅದನ್ನು ಕೇಳಲೇಬೇಕು, ಆದರೆ ಕವಚದ ದಪ್ಪದಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ.) ವಿಮಾನದ ಯೋಚನೆಯೇ ಅವರಿಗಿರಲಿಲ್ಲ ಎಂಬುದೂ ಸುಳ್ಳು. ಆ 8 ಅಂಗುಲದ ತೋಪುಗಳು 70 ಡಿಗ್ರಿವರೆಗೆ ತಲೆ ಎತ್ತುವಂತೆ ಮಾಡಿದ್ದೇ ವಿಮಾನದ ಮೇಲೆ ಗುಂಡು ಹಾರಿಸಲೆಂದು. ಅದು ಹೇಳಿಕೊಳ್ಳುವಂಥ ಪ್ರಯೋಜನಕ್ಕೆ ಬರಲಿಲ್ಲ, ನಿಜ. ಅವರು ತಮ್ಮ ಕಾಲದ ವಿಮಾನವನ್ನು ಊಹಿಸಿದ್ದರು.

ಸರಿ, ಒಂದು ಅಂಗುಲ ತಪ್ಪು ಎಂದೇ ಇಟ್ಟುಕೊಳ್ಳೋಣ. ಸಾಫ್ಟ್‌ವೇರಿನಲ್ಲಿ ಇಂದು ಮಾಡುವ ತಿದ್ದುಪಡಿಯನ್ನು ಬ್ರಿಟನ್ ತಾನೇ 1930ರ ದಶಕದಲ್ಲಿ ಮಾಡಿತು. ಕೆಂಟ್ ವರ್ಗದ ಕೆಲವು ಹಡಗುಗಳ ಪಕ್ಕಕ್ಕೆ 4.5 ಅಂಗುಲದ ಕವಚ ಕಟ್ಟಿದರು, ಕಾರ್ನ್‌ವಾಲ್ ಅವುಗಳಲ್ಲೊಂದು. ಸೋದರ ವರ್ಗದ ಡಾರ್ಸೆಟ್‌ಶೈರ್‌ಗೆ ಆ ಭಾಗ್ಯ ಸಿಗಲಿಲ್ಲ. 1942ರ ಏಪ್ರಿಲ್ 5ರ ಮಧ್ಯಾಹ್ನ ಇವೆರಡೂ ಶ್ರೀಲಂಕಾದ ನೈರುತ್ಯಕ್ಕೆ, ಹಿಂದೂ ಮಹಾಸಾಗರದಲ್ಲಿ ಜೊತೆಯಾಗಿ ಸಾಗುತ್ತಿದ್ದವು. ಜಪಾನಿನ ವಿಮಾನವಾಹಕಗಳಿಂದ ಎದ್ದು ಬಂದ ಐವತ್ತಕ್ಕೂ ಹೆಚ್ಚು ಬಾಂಬರ್‌ಗಳು ಮೇಲಿನಿಂದ ಎರಗಿದವು. ಅರ್ಧ ಗಂಟೆಯೊಳಗೆ ಎರಡೂ ಮುಳುಗಿದವು, ಕವಚ ತೊಟ್ಟದ್ದೂ, ತೊಡದ್ದೂ. ನಾನೂರಕ್ಕೂ ಹೆಚ್ಚು ಜನ ಸತ್ತರು. ಸಾವಿರಕ್ಕೂ ಹೆಚ್ಚು ಜನ ಮರುದಿನ ರಕ್ಷಣೆ ಬರುವವರೆಗೆ ನೀರಿನಲ್ಲೇ ಇದ್ದರು.

ನಮ್ಮ ವಿನ್ಯಾಸಕಾರರು ಹಾಡಿಹೊಗಳುವ ಇಟಲಿಯ ಝಾರಾ ಕಥೆ ಕೇಳಿ. 150 ಮಿ.ಮೀ. ಕವಚವೇನೋ ನಿಜ, ಅದಕ್ಕೆ ತೆತ್ತ ಬೆಲೆ ಒಪ್ಪಂದ ಮೀರಿದ ಸಾವಿರಕ್ಕೂ ಹೆಚ್ಚು ಟನ್. 1941ರ ಮಾರ್ಚಿನ ಒಂದು ರಾತ್ರಿ ಮಟಪಾನ್ ಭೂಶಿರದ ಬಳಿ, ರಾಡಾರ್ ಇಲ್ಲದ ಅದರ ಮೇಲೆ ಬ್ರಿಟಿಷ್ ಬ್ಯಾಟಲ್‌ಶಿಪ್‌ಗಳು ಕತ್ತಲಲ್ಲಿ ತೀರಾ ಹತ್ತಿರದಿಂದ 15 ಅಂಗುಲದ ಗುಂಡು ಸುರಿಸಿದವು. ಎಲ್ಲವನ್ನೂ ತುರುಕುವ ಚಪಲಕ್ಕೆ ನಿಜವಾದ ಮಾದರಿ ಬೇಕೆಂದರೆ ಜಪಾನಿನ ಮೊಗಾಮಿ ಇದೆ. 8,500 ಟನ್ ಎಂದು ಹೇಳಿಕೊಂಡ ಒಡಲಿನ ಮೇಲೆ ಹದಿನೈದು ತೋಪು ಹೇರಿದ್ದರು. 1935ರ ಚಂಡಮಾರುತಕ್ಕೆ ಸಿಕ್ಕಿ ಅದರ ಒಡಲು ಹಾನಿಗೊಂಡಿತು, ಆಮೇಲೆ ಇಡೀ ವರ್ಗವನ್ನೇ ಬಲಪಡಿಸಬೇಕಾಯಿತು.

ಹಾಗಾದರೆ ಹಿಂದಿನವರನ್ನು ಟೀಕಿಸಲೇಬಾರದೇ ಎಂದು ಕೇಳುವಿರಿ. ಧಾರಾಳವಾಗಿ ಟೀಕಿಸಿ, ಆದರೆ ಅವರ ಕಾಲದ ಒಳಗೆ ನಿಂತು. ಅಮೆರಿಕದ ಪೆನ್ಸಕೋಲಾ ಮಿತಿಗಿಂತ ಸುಮಾರು 900 ಟನ್ ಹಗುರವಾಗಿ ಹೊರಬಂತು. ಒಪ್ಪಂದ ದಾಟೀತೆಂಬ ಹೆದರಿಕೆಯಲ್ಲಿ, ಕವಚಕ್ಕೆ ಬಳಸಬಹುದಾಗಿದ್ದ ತೂಕವನ್ನು ಕೈಚೆಲ್ಲಿದ್ದರು. ಇದು ತಪ್ಪು ಎನ್ನಲು 1942 ಬೇಕಿಲ್ಲ, ತಕ್ಕಡಿ ಸಾಕು. ಫ್ರಾನ್ಸ್ ತನ್ನ ಡ್ಯುಕ್ವೆನ್‌ಗೆ ಕವಚವನ್ನೇ ಕೊಟ್ಟಿಲ್ಲವೆನ್ನುವಷ್ಟು ಕಡಿಮೆ ಕೊಟ್ಟಿತ್ತು. ಹಡಗಿನಿಂದ ಹಡಗಿಗೆ ಕಲಿಯುತ್ತ, ಅದೇ ಮಿತಿಯೊಳಗೆ 110 ಮಿ.ಮೀ. ಕವಚದ ಅಲ್ಜೀರಿಗೆ ಬಂದು ಮುಟ್ಟಿತು. ಟೀಕೆ ಎಂದರೆ ಇದು, ಅವರೇ ಉಕ್ಕಿನಲ್ಲಿ ಬರೆದದ್ದು. ಹನ್ನೆರಡನೇ ಶತಮಾನದ ಕವಿಗೆ ಇಪ್ಪತ್ತೊಂದನೇ ಶತಮಾನದ ಪ್ರಶ್ನೆಪತ್ರಿಕೆ ಕೊಟ್ಟು ನಪಾಸು ಮಾಡುವ ನಮ್ಮ ವಿಚಾರಸಂಕಿರಣಗಳನ್ನು ಕಂಡಾಗಲೂ ನನಗೆ ಇದೇ ಸಿಟ್ಟು ಬರುತ್ತದೆ.

'ಏನಾಗಬಹುದಿತ್ತು' ಎಂಬ ಕಲ್ಪನೆಯೇ ಇದರ ಮಜಾ ಅಲ್ಲವೇ ಎಂಬುದು ಇನ್ನೊಂದು ವಾದ. ಆದರೆ ಉತ್ತರ ಗೊತ್ತಿದ್ದವನು ಕಲ್ಪಿಸಿಕೊಳ್ಳುವುದಾದರೂ ಏನನ್ನು? ಗೊತ್ತಿಲ್ಲದವನಾಗಿ ಕೂರುವುದಕ್ಕೇ ಹೆಚ್ಚು ಕಲ್ಪನೆ ಬೇಕು. ಈ ಸಾಫ್ಟ್‌ವೇರ್ ಸಿಬ್ಬಂದಿಯ ಸಂಖ್ಯೆಯನ್ನು ನಮ್ಮನ್ನು ಕೇಳುವುದೇ ಇಲ್ಲ. ಟನ್ ನೋಡಿ ಅಂದಾಜಿಸಿ, ವರದಿಯಲ್ಲಿ ಇಷ್ಟರಿಂದ ಇಷ್ಟು ಎಂದು ಮುದ್ರಿಸುತ್ತದೆ. ಆ ಜನರನ್ನು ಯಾವ ಸಮುದ್ರಕ್ಕೆ, ಯಾವ ಶತ್ರುವಿನ ಎದುರಿಗೆ, ಎಷ್ಟು ದಿನಕ್ಕೆ ಕಳಿಸುತ್ತಿದ್ದೀರಿ ಎಂದು ಬರೆಯಲು ಖಾನೆಯಿಲ್ಲ. ಅದನ್ನು ಬೇರೆ ಹಾಳೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ವರ್ಷದ ಖಾನೆಯಲ್ಲಿ 1926 ಹಾಕಿ, ವಿಮಾನವಿರೋಧಿ ತೋಪುಗಳಿಗೆ ಬನ್ನಿ. ಕೆಂಟ್ ಹೊರಬಂದಾಗ ಅದಕ್ಕಿದ್ದದ್ದು 4 ಅಂಗುಲದ ನಾಲ್ಕು ತೋಪು, ಜೊತೆಗೆ ಕೆಲವು ಚಿಕ್ಕವು. ಅಷ್ಟನ್ನೇ ತುಂಬಿ ಮುಂದಿನ ಖಾನೆಗೆ ಹೋಗಿ.